ಸಹಾಯ ಬೇಕು: ಶುಕ್ರವಾರ 25:30 ಅಂದ್ರೆ ನಮಗೆ ಎಷ್ಟು ಗಂಟೆ?

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ಗೆ ಹೊಸ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ಸೀಸನ್ ಶುರು ಅಲ್ವಾ, ಈಗಲೇ ಪಟ್ಟಿ ಮಾಡುತ್ತಿದ್ದೇನೆ. ನಾನು ಬನಶಂಕರಿಯಲ್ಲಿ, ತಂಗಿ ಮೈಸೂರಿನ ಹಾಸ್ಟೆಲ್‌ನಲ್ಲಿ. ಇಬ್ಬರೂ ಒಂದೇ ಹೊತ್ತಿಗೆ ಹಾಕಿಕೊಂಡು, ಫೋನಲ್ಲಿ ಮಾತಾಡುತ್ತಾ ನೋಡುತ್ತೇವೆ. ವಾರಕ್ಕೊಂದು ಎಪಿಸೋಡ್, 12-13 ವಾರ. ಅಷ್ಟು ದಿನ ಅವಳ ಜೊತೆ ಮಾತು ತಪ್ಪುವುದಿಲ್ಲ, ನನಗೆ ಅದೇ ದೊಡ್ಡದು.

ಜಪಾನಿನ ಟಿವಿ ವೇಳಾಪಟ್ಟಿಯಲ್ಲಿ ‘ಶುಕ್ರವಾರ 25:30’ ಎಂದಿದೆ. ಮಧ್ಯರಾತ್ರಿ ದಾಟಿದರೂ ಅಲ್ಲಿ ಹಿಂದಿನ ದಿನದ ಲೆಕ್ಕವನ್ನೇ ಮುಂದುವರಿಸುತ್ತಾರೆ. ಅಂದರೆ ಶನಿವಾರ ಬೆಳಗಿನ ಜಾವ 1:30. ನಾವು ಮೂರೂವರೆ ಗಂಟೆ ಹಿಂದೆ, ಹಾಗಾಗಿ ಇಲ್ಲಿ ಶುಕ್ರವಾರ ರಾತ್ರಿ 10. ಕಳೆದ ಸೀಸನ್‌ನಲ್ಲಿ ಹೀಗೇ ಲೆಕ್ಕ ಹಾಕಿ ಕಾದೆವು. ನಾವು ಅನಿಮೆ ನೋಡುವ ಆಪ್ ಅನ್ನು ಫೋನಿನಿಂದ ತೆಗೆದು ಮತ್ತೆ ಹಾಕಿಯೂ ನೋಡಿದೆ. ಎಪಿಸೋಡ್ ಬಂದಿದ್ದು ಮರುದಿನ!

ನನ್ನ ಲೆಕ್ಕ ಸರಿಯಾ? ಸರಿಯಿದ್ದರೆ, ಇಲ್ಲಿ ಆಪ್‌ಗೆ ಯಾವಾಗ ಬರುತ್ತದೆ ಅಂತ ಮೊದಲೇ ತಿಳಿಯಲು ಎಲ್ಲಿ ನೋಡಬೇಕು?