ಎಲೆಕ್ಟ್ರಿಕ್ ಎಂಟಿಬಿ, ಮನೆಯೊಳಗಿನ ಟ್ರೈನರ್: ಮೇಸ್ತ್ರಿಗೆ ಕೇಳಿ

ಅಡ್ಮಿನ್: ಇವತ್ತು ಭಾನುವಾರ, ನಮ್ಮ ಸೈಕಲ್ ರಿಪೇರಿ ಮೇಸ್ತ್ರಿ ಅಂಗಡಿಗೆ ರಜೆ. ಎಲೆಕ್ಟ್ರಿಕ್ ಎಂಟಿಬಿಯನ್ನು, ಅಂದರೆ ಮೋಟರ್ ಇರುವ ಮೌಂಟನ್ ಸೈಕಲನ್ನು, ಮನೆಯಲ್ಲಿ ನಿಂತಲ್ಲೇ ತುಳಿಯುವ ಸ್ಟ್ಯಾಂಡ್ ಆದ ಟ್ರೈನರ್‌ಗೆ ಹಾಕಿ ತುಳಿಯುವ ಬಗ್ಗೆ ಕೇಳುವವರು ಇಲ್ಲೇ ಕೇಳಿ. ಅವರಿಗೆ ಫೋನ್ ಮಾಡಬೇಡಿ.

ಸಿರುಗುಪ್ಪ: ಅಣ್ಣಾ ನಮಸ್ಕಾರ. ಈ ಬಿಸಿಲಿಗೆ ಹೊರಗೆ ಕಾಲಿಡೋಕೆ ಆಗುತ್ತಿಲ್ಲ. ನನ್ನದು ಹಿಂದಿನ ಚಕ್ರದಲ್ಲೇ ಮೋಟರ್ ಇರುವ ಸೈಕಲ್, 250 ವ್ಯಾಟ್. ಟ್ರೈನರ್ ಮೇಲೆ ಹಾಕಬಹುದಾ?

ಮೇಸ್ತ್ರಿ: ನಮಸ್ಕಾರ ರೀ. ಚಕ್ರ ಬಿಚ್ಚಿ ಕೂರಿಸುವ ಟ್ರೈನರ್ ಬೇಡ. ನಟ್ ಬಿಗಿಯುವ ದಪ್ಪ ಆಕ್ಸಲ್‌ಗೆ ಮಾಡಿದ ಫ್ರೇಮ್ ಅದಕ್ಕೆ ಸರಿಯಾಗಿ ಕೂರಲ್ಲ. ಟೈರನ್ನು ರೋಲರ್‌ಗೆ ಒತ್ತುವ ಟ್ರೈನರ್ ಆದರೆ ಆಗುತ್ತದೆ, ಆದರೆ ಬಟನ್ ಟೈರ್ ತೆಗೆದು ನುಣುಪು ಟೈರ್ ಹಾಕಿ. ಇಲ್ಲದಿದ್ದರೆ ಹಿಟ್ಟಿನ ಗಿರಣಿ ಸದ್ದು, ಟೈರ್ ಪುಡಿ ನೆಲದ ತುಂಬ. ಸೈಕಲ್ಲೇ 20 ಕೆಜಿ ಮೇಲಿರುತ್ತದೆ, ಟ್ರೈನರ್ ಎಷ್ಟು ಭಾರ ತಡೆಯುತ್ತದೆ ಎಂದು ಡಬ್ಬದ ಮೇಲೆ ಓದಿ. ಮೋಟರ್ ಆಫ್ ಇರಲಿ. ಥ್ರಾಟಲ್ ಮುಟ್ಟಲೇಬೇಡಿ.

ತೋರಣಗಲ್ಲು: ನನ್ನ ಮೋಟರ್ ಪೆಡಲ್ ಹತ್ತಿರ. ಚಕ್ರ ಬಿಚ್ಚುವ ಟ್ರೈನರ್. ತುಳಿಯಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಡಿಸ್‌ಪ್ಲೇನಲ್ಲಿ ಎರರ್ ಬರುತ್ತದೆ. ಮೋಟರ್ ಕೆಟ್ಟಿತಾ?

ಮೇಸ್ತ್ರಿ: ಕೆಟ್ಟಿಲ್ಲ. ಸ್ಪೀಡ್ ಸೆನ್ಸರ್‌ನ ಆಯಸ್ಕಾಂತ ಹಿಂದಿನ ಚಕ್ರದಲ್ಲಿದೆ. ಚಕ್ರವನ್ನೇ ಬಿಚ್ಚಿ ಮೂಲೆಗೆ ಇಟ್ಟಿದ್ದೀರಿ. ಪೆಡಲ್ ತಿರುಗುತ್ತಿದೆ, ಚಕ್ರ ನಿಂತಿದೆ ಅಂದರೆ ಅದಕ್ಕೆ ಗೊಂದಲ ಆಗಲ್ವಾ? ಆಫ್ ಮಾಡಿ ತುಳಿಯಿರಿ. ಆನ್ ಇದ್ದರೆ ಟ್ರೈನರ್ ತೋರಿಸುವ ವ್ಯಾಟ್‌ನಲ್ಲಿ ಮೋಟರಿನ ಪಾಲೂ ಸೇರುತ್ತದೆ, ಅದೆಲ್ಲ ನಿಮ್ಮ ಕಾಲಿನದಲ್ಲ. ಇನ್ನೊಂದು, ನಿಮ್ಮ ಆಕ್ಸಲ್ 12 ಬೈ 148 ಮಿಮೀ (ದಪ್ಪ, ಅಗಲ) ಇರಬೇಕು, ಅಳೆದು ನೋಡಿ. 142ರ ಅಡಾಪ್ಟರ್ ಹಾಕಿ ಬಿಗಿದರೆ ಫ್ರೇಮ್ ಒಳಕ್ಕೆ ಎಳೆಯುತ್ತದೆ.

ರಾಯಚೂರು: ಫಾರ್ವರ್ಡ್ ಬಂದಿದೆ: "ದಿನಾ ಅರ್ಧ ಗಂಟೆ ಟ್ರೈನರ್ ತುಳಿಯಿರಿ, ಬ್ಯಾಟರಿ ತಾನೇ ಫುಲ್ ಆಗುತ್ತದೆ, ಕರೆಂಟ್ ಬಿಲ್ ಉಳಿಸಿ." ನಿಜಾನಾ?

ಮೇಸ್ತ್ರಿ: ಸುಳ್ಳು. 36 ವೋಲ್ಟ್ 10 ಆಂಪ್ ಅವರ್ ಬ್ಯಾಟರಿ ಅಂದರೆ 360 ವ್ಯಾಟ್ ಅವರ್. ನೀವು ಬಿಡದೆ 100 ವ್ಯಾಟ್ ತುಳಿದು, ಒಂದಿಷ್ಟೂ ನಷ್ಟ ಆಗದಿದ್ದರೂ ಮೂರೂವರೆ ಗಂಟೆ ಮೇಲಾಯಿತು. ಅದೂ ಚಕ್ರದ ನಡುವೆ ಕೂರುವ, ಗೇರ್ ಇರುವ ಹಬ್ ಮೋಟರ್ ಒಳಗೆ ಕ್ಲಚ್ ಇದೆ, ಮುಂದಕ್ಕೆ ತುಳಿದರೆ ಮೋಟರ್ ತಿರುಗುವುದೇ ಇಲ್ಲ. ಜೆಸ್ಕಾಂ ಬಿಲ್ಲಿನಲ್ಲಿ ಇದು ಅರ್ಧ ಯೂನಿಟ್ಟೂ ಅಲ್ಲ.

ಗಂಗಾವತಿ: ಎಲೆಕ್ಟ್ರಿಕ್ ಸೈಕಲ್ ಕೊಂಡು, ಮೋಟರ್ ಆಫ್ ಮಾಡಿ, ಮನೆಯಲ್ಲಿ ತುಳಿಯೋದು. ಎಮ್ಮೆ ಕಟ್ಟಿಕೊಂಡು ಪ್ಯಾಕೆಟ್ ಹಾಲು ಕುಡಿದ ಹಾಗಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಆನೆಗೊಂದಿ ಕಡೆ ಹೋಗಿ ನೋಡಿ.

ತೋರಣಗಲ್ಲು: ಐದಕ್ಕೆ ನಾನು ನೈಟ್ ಶಿಫ್ಟ್‌ನಲ್ಲಿ ಇರುತ್ತೇನೆ ಸ್ವಾಮಿ. ಮನೆಗೆ ಬರುವಷ್ಟರಲ್ಲಿ ಬಿಸಿಲು. ರಸ್ತೆಗಿಳಿದರೆ ಅದಿರು ಲಾರಿ, ಕೆಂಪು ಧೂಳು. ನಿಮ್ಮ ಕಡೆ ಗದ್ದೆ ನೋಡಿಕೊಂಡು ಹೋಗೋರಿಗೆ ಏನು ಗೊತ್ತು.

ಕಂಪ್ಲಿ: ಮೇಸ್ತ್ರಿ, ನನ್ನದು ಬೇರೆ. ಹಬ್ ಮೋಟರ್, ರೋಲರ್ ಟ್ರೈನರ್. ಹತ್ತು ದಿನ ಮೋಟರ್ ಆಫ್ ಮಾಡಿಯೇ ತುಳಿದೆ. ನಿನ್ನೆ ರಸ್ತೆಯಲ್ಲಿ ಆನ್ ಮಾಡಿದರೆ ಗರಗರ ಎಂದು ಜಗ್ಗಿ ನಿಂತಿತು. ಮುಂದಕ್ಕೆ ತಳ್ಳಿದರೆ ಆರಾಮ ಹೋಗುತ್ತದೆ. ಹಿಂದಕ್ಕೆ ಎಳೆದರೆ ಮೊಂಡು ಎತ್ತಿನ ಹಾಗೆ.

ಮೇಸ್ತ್ರಿ: ಮತ್ತೆ ಆನ್ ಮಾಡಬೇಡಿ. ಮೊದಲು ಬ್ಯಾಟರಿ ತೆಗೆದಿಡಿ, ಆಮೇಲೆ ಓದಿ.
ಹಬ್ ಮೋಟರಿನ ವೈರ್ ಆಕ್ಸಲ್ ತುದಿಯ ತೂತಿನಿಂದ ಹೊರಗೆ ಬರುತ್ತದೆ. ಟ್ರೈನರಿನ ಎರಡು ಬಟ್ಟಲು ಒತ್ತಿ ಹಿಡಿಯುವುದೂ ಅದೇ ತುದಿಯನ್ನೇ. ನೀವು ತಿರುಪು ಬಿಗಿದಾಗಲೆಲ್ಲ ವೈರ್ ಬಟ್ಟಲಿನ ಅಂಚಿಗೆ ಸಿಕ್ಕಿರಬೇಕು. ಮೇಲೆ ರಬ್ಬರ್ ಚೆನ್ನಾಗೇ ಕಾಣುತ್ತದೆ, ಒಳಗೆ ಜಜ್ಜಿರುತ್ತದೆ. ಅದರಲ್ಲಿ ಮೂರು ದಪ್ಪ ವೈರ್, ಸಾಮಾನ್ಯವಾಗಿ ಹಳದಿ, ಹಸಿರು, ನೀಲಿ. ಇವು ಮೋಟರಿಗೆ ಶಕ್ತಿ ಕೊಡುವವು. ಉಳಿದ ಸಣ್ಣವು ಸೆನ್ಸರಿನವು, 5 ವೋಲ್ಟ್ ಅಷ್ಟೇ. ದಪ್ಪದವು ಒಂದಕ್ಕೊಂದು ತಾಗಿದರೆ ಮೋಟರೇ ಬ್ರೇಕ್ ಹಾಕಿದ ಹಾಗೆ ಹಿಡಿದುಕೊಳ್ಳುತ್ತದೆ. ದಪ್ಪದ್ದು ಸಣ್ಣದಕ್ಕೆ ತಾಗಿದರೆ ಕಂಟ್ರೋಲರ್, ಅಂದರೆ ಮೋಟರನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬ, ಹೋಗಬಹುದು.
ಮುಂದಕ್ಕೆ ಕ್ಲಚ್ ಬಿಡುತ್ತದೆ, ಅದಕ್ಕೇ ಹಗುರ. ಹಿಂದಕ್ಕೆ ಎಳೆದಾಗ ಮೋಟರ್ ತಿರುಗಲೇಬೇಕು. ಸರಿ ಇರುವ ಮೋಟರೂ ಹಿಂದಕ್ಕೆ ಸ್ವಲ್ಪ ಬಿಗಿಯೇ, ಆದರೆ ಮೊಂಡು ಎತ್ತಿನಷ್ಟಲ್ಲ. ಈಗ ಚಕ್ರದ ಹತ್ತಿರದ ಮೋಟರ್ ಕನೆಕ್ಟರ್ ಎಳೆದು ಬಿಚ್ಚಿ. ತಿರುಚಬೇಡಿ, ಪಿನ್ ಬಗ್ಗುತ್ತವೆ. ಮತ್ತೆ ಹಿಂದಕ್ಕೆ ತಳ್ಳಿ. ಸಡಿಲವಾದರೆ ತೊಂದರೆ ಕಂಟ್ರೋಲರ್‌ನಲ್ಲಿ. ಹಾಗೇ ಬಿಗಿ ಇದ್ದರೆ ವೈರ್ ಅಥವಾ ಮೋಟರ್. ಬಟ್ಟಲಿನ ಫೋಟೋ ಹಾಕಿ.

ಸಂಡೂರು: ಅಣ್ಣಾ, ನನ್ನದು ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ ಸೈಕಲ್. ಟ್ರೈನರ್ ಮೇಲೆ ಶಾಕ್ ಲಾಕ್ ಮಾಡಬೇಕಾ?

ರಾಯಚೂರು: ಬ್ಯಾಟರಿ ಬಿಸಿ ಆದರೆ ಬಟ್ಟೆ ಸುತ್ತಿ ಫ್ರಿಜ್‌ನಲ್ಲಿಡಿ ಎಂದೂ ಒಂದು ಬಂದಿದೆ.

ಮೇಸ್ತ್ರಿ: ಇಡಬೇಡಿ! ಫ್ರಿಜ್‌ನಿಂದ ತೆಗೆದ ಚೊಂಬು ಹೇಗೆ ಬೆವರುತ್ತದೆ? ಬ್ಯಾಟರಿ ಒಳಗಿನ ಬೋರ್ಡ್ ಮೇಲೂ ಹಾಗೇ ನೀರು ಕೂರುತ್ತದೆ. ನೆರಳಿನಲ್ಲಿಟ್ಟು, ಮುಟ್ಟಿದರೆ ತಣ್ಣಗಾದ ಮೇಲೆ ಚಾರ್ಜ್‌ಗೆ ಹಾಕಿ. ನಡುಮಧ್ಯಾಹ್ನ ತಗಡಿನ ಶೆಡ್‌ನಲ್ಲಿ ಬೇಡ, ರಾತ್ರಿ ಹಾಸಿಗೆ ಪಕ್ಕದಲ್ಲೂ ಬೇಡ. ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ. ದಯವಿಟ್ಟು ಫಾರ್ವರ್ಡ್ ನಿಲ್ಲಿಸಿ ರೀ.

ರಾಯಚೂರು: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ? ನಾನೇನು ಬರೆದಿದ್ದಾ ಅದನ್ನು?

ಕೊಪ್ಪಳ: ಟ್ರೈನರ್ ತುಳಿದರೆ ಬ್ಯಾಟರಿ ಚಾರ್ಜ್ ಆಗುತ್ತಾ?

ಮೇಸ್ತ್ರಿ: ಆಗಲ್ಲ. ಮೇಲೆ ಓದಿ.

ಗಂಗಾವತಿ: ನೋಡಿ, ಯಾರೂ ಓದಲ್ಲ. ಅದಕ್ಕೇ ಹೇಳಿದ್ದು, ಹೊರಗೆ ಹೋಗಿ ತುಳಿಯಿರಿ.

ತೋರಣಗಲ್ಲು: ನಿಮ್ಮನ್ನು ಯಾರೂ ಕೇಳಿಲ್ಲ.

ಗಂಗಾವತಿ: ಗ್ರೂಪ್ ನಿಮ್ಮಪ್ಪನದಾ?

ಅಡ್ಮಿನ್: ಇಬ್ಬರೂ ಸಾಕು. ಮುಂದಿನ ಮೆಸೇಜಿಗೆ ತೆಗೆದುಹಾಕುತ್ತೇನೆ.

ಕಂಪ್ಲಿ: ಕನೆಕ್ಟರ್ ಬಿಚ್ಚಿದೆ. ಹಾಗೇ ಬಿಗಿ ಇದೆ. ಬಟ್ಟಲಿನ ಅಂಚಿನಲ್ಲಿ ಕಪ್ಪು ರಬ್ಬರ್ ಮೆತ್ತಿಕೊಂಡಿದೆ, ಫೋಟೋ ಹಾಕಿದ್ದೇನೆ.

ಮೇಸ್ತ್ರಿ: ಅದೇ. ಕಂಟ್ರೋಲರ್ ಉಳಿದಿರಬಹುದು, ನೋಡೋಣ. ನಾಳೆ ಚಕ್ರ ಮತ್ತು ಆ ಬಟ್ಟಲು ಎರಡೂ ತನ್ನಿ. ಬಟ್ಟಲಿಗೆ ವೈರ್ ಹಾಯುವಷ್ಟು ಸೀಳು ಕೊರೆದರೆ ಸಾಕಾ, ಬೇರೆಯದೇ ಬೇಕಾ ಎಂದು ಕೂರಿಸಿ ನೋಡಬೇಕು. ನಟ್ ಬಿಚ್ಚುವ ಮುಂಚೆ ಹಲ್ಲಿನ ವಾಷರ್ ಯಾವ ಕಡೆ, ಹೇಗೆ ಕೂತಿದೆ ಎಂದು ಫೋಟೋ ತೆಗೆಯಿರಿ. ಅದು ತಪ್ಪಾಗಿ ಕೂತರೆ ಮೋಟರ್ ಎಳೆದಾಗ ಆಕ್ಸಲ್ಲೇ ತಿರುಗಿ ಹೊಸ ವೈರೂ ಕಿತ್ತುಬರುತ್ತದೆ.

ಸಿರುಗುಪ್ಪ: ಅಣ್ಣಾ, ನನ್ನದೂ ಇಂಥದೇ ಟ್ರೈನರ್. ಈಗಷ್ಟೇ ಬಿಗಿದು ಬಂದೆ.

ಮೇಸ್ತ್ರಿ: ಹೋಗಿ ಸಡಿಲ ಮಾಡಿ.

ಸಂಡೂರು: ಅಣ್ಣಾ, ಶಾಕ್ ಲಾಕ್ ಬಗ್ಗೆ ಕೇಳಿದ್ದೆ.