ಬಂದಳಿಕೆ ಉತ್ಪಾದಕವೋ ಭಕ್ಷಕವೋ?

ಪ್ರಶ್ನೆ: ಮೂಡಿಗೆರೆ ತೋಟದಾಕೆ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ಕ್ಲಾಸು. ಸುತ್ತಮುತ್ತಲಿನ ಐದು ಉತ್ಪಾದಕರ (ತಮ್ಮ ಊಟ ತಾವೇ ಮಾಡ್ಕೊಳ್ಳೋ ಜೀವಿಗಳ) ಹೆಸರು ಬರೆಯಿರಿ ಅಂತ ಕಿರುಪರೀಕ್ಷೆಯಲ್ಲಿ ಕೇಳಿದ್ದರಂತೆ. ಕಾಫಿ, ಹಾಲವಾಣ, ಮೆಣಸಿನ ಬಳ್ಳಿ, ಹಲಸು ಬರೆದು, ಐದನೆಯದಕ್ಕೆ ನಮ್ಮ ಕಾಫಿ ಕಣದ ಪಕ್ಕದ ಮಾವಿನ ಮರದ ಕೊಂಬೆ ಮೇಲೆ ಬೆಳೆದಿರೋ ಬಂದಳಿಕೆ ಗಿಡ ಬರೆದಿದ್ದಾಳೆ. ಅದಕ್ಕೆ ಕೆಂಪು ಗೆರೆ ಎಳೆದು "ಪರಾವಲಂಬಿ, ಆದ್ದರಿಂದ ಭಕ್ಷಕ" ಅಂತ, ಅಂದರೆ ಬೇರೆ ಜೀವಿಯಿಂದ ಊಟ ಪಡೆಯೋದು ಅಂತ, ಬರೆದು ಕೊಟ್ಟಿದ್ದಾರೆ. ಮೂರು ದಿನದಿಂದ ಸಂಜೆಯಾದರೆ ಅವಳು ಆ ಮರದ ಕೆಳಗೇ. "ಎಲೆ ಹಸಿರಾಗಿದೆಯಲ್ಲಮ್ಮ, ಹಸಿರಿದ್ದ ಮೇಲೆ ತನ್ನ ಊಟ ತಾನೇ ಮಾಡ್ಕೊಳ್ಳುತ್ತೆ ತಾನೇ?" ಅಂತಾಳೆ. ನಾನು ಓದಿದ್ದು ಕಾಮರ್ಸ್. ತಿಳಿದವರು ಬಿಡಿಸಿ ಹೇಳಿ.

ಉತ್ತರ: ಹಾಸನದ ಹಳೇ ಮೇಷ್ಟ್ರು

ನಿಮ್ಮ ಮಗಳು ಬರೆದದ್ದು ಸರಿ ತಾಯಿ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವನು ನಾನು, ಪೂರ್ತಿ ಅಂಕ ಕೊಡುತ್ತಿದ್ದೆ.

ಯಾವ ಜೀವಿಯನ್ನು ಕಂಡರೂ ಮೊದಲು ಕೇಳಬೇಕಾದದ್ದು, ಅದರ ಮೈಯಲ್ಲಿರುವ ಸಕ್ಕರೆ ಎಲ್ಲಿಂದ ಬಂತು ಅಂತ. ಬಂದಳಿಕೆ ಮಾವಿನ ಕೊಂಬೆಯ ಒಳಗೆ ಬೇರು ಇಳಿಸಿ, ಮರದ ನೀರು ಸಾಗಿಸುವ ನಾಳವಾದ ಕ್ಸೈಲಂನಿಂದ ನೀರು, ಲವಣ ಎಳೆಯುತ್ತದೆ. ಅಷ್ಟು ಕಳ್ಳತನ ನಿಜ. ಆದರೆ ಅದರ ದಪ್ಪ ಎಲೆಯಲ್ಲಿ ಪತ್ರಹರಿತ್ತು ಎಂಬ ಹಸಿರು ಬಣ್ಣದ ವಸ್ತು ಇದೆ, ಬಿಸಿಲು ಹಿಡಿದು ಸಕ್ಕರೆಯನ್ನು ಅದೇ ತಯಾರಿಸುತ್ತದೆ. ಎಳೆದುಕೊಂಡ ನೀರಿನ ಜೊತೆ ಮಾವಿನ ಮರದ ಆಹಾರವೂ ಒಂದಿಷ್ಟು ಬರುತ್ತದೆ, ಆದರೂ ಸಕ್ಕರೆಯನ್ನು ತಾನೇ ತಯಾರಿಸುವುದರಿಂದ ಅದನ್ನು ಅರೆ ಪರಾವಲಂಬಿ ಅನ್ನುತ್ತೇವೆ.

ಇನ್ನು ಬೇಲಿ ಮೇಲೆ ಹಳದಿ ನೂಲು ಚೆಲ್ಲಿದ ಹಾಗೆ ಹಬ್ಬುವ ಅಮರಬಳ್ಳಿ ತೋರಿಸಿ ಅವಳಿಗೆ. ಎಲೆಯೇ ಇಲ್ಲ, ಹಸಿರು ಇಲ್ಲವೆನ್ನುವಷ್ಟು ಕಡಿಮೆ. ಆಸರೆ ಗಿಡದ ಆಹಾರ ಸಾಗಿಸುವ ನಾಳವಾದ ಫ್ಲೋಯಂಗೇ ಕೊಂಡಿ ಹಾಕಿ ಸಿದ್ಧ ಸಕ್ಕರೆ ಹೀರುತ್ತದೆ. ಗಿಡವಾದರೂ ಅದು ಬದುಕುವುದು ಭಕ್ಷಕನ ಹಾಗೆ. ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದ ಮಗು ಪಾಠ ಮರೆಯೋದಿಲ್ಲ.

ಇಷ್ಟು ತಲೆಕೆಡಿಸಿಕೊಳ್ಳಬೇಕೇ ಅಂದರೆ, ಬೇಕು. ಯಾರು ಉತ್ಪಾದಕ, ಯಾರು ಭಕ್ಷಕ ಅಂತ ತಿಳಿದರೇ ಶಕ್ತಿ ಒಬ್ಬರಿಂದ ಇನ್ನೊಬ್ಬರಿಗೆ ಎಷ್ಟು ಸಾಗುತ್ತದೆ ಅನ್ನುವ ಲೆಕ್ಕ ಹಾಕಲು ಸಾಧ್ಯ. ಅಮೆರಿಕದ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಒಂದು ಸಣ್ಣ ಕೆರೆಯ ಜೀವಿಗಳನ್ನು ಅಭ್ಯಾಸ ಮಾಡಿ 1942ರಲ್ಲಿ ಈ ಲೆಕ್ಕಕ್ಕೆ ದಾರಿ ಹಾಕಿದರು. ಗಿಡ, ಅದನ್ನು ತಿನ್ನುವ ಪ್ರಾಣಿ, ಆ ಪ್ರಾಣಿಯನ್ನು ತಿನ್ನುವ ಪ್ರಾಣಿ, ಹೀಗೆ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ದಾಟುವ ಶಕ್ತಿ ಸುಮಾರು ಹತ್ತರಲ್ಲೊಂದು ಪಾಲು, ಮಿಕ್ಕದ್ದು ಉಸಿರಾಟದಲ್ಲಿ ಶಾಖವಾಗಿ, ತಿನ್ನದೆ ಬಿಟ್ಟದ್ದರಲ್ಲಿ, ಸಗಣಿಯಲ್ಲಿ ಹೋಗುತ್ತದೆ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ನಿಮ್ಮ ಭದ್ರಾ ಕಾಡಿನಲ್ಲಿ ಹುಲ್ಲು ಎಷ್ಟು, ಅದನ್ನು ಮೇಯುವ ಕಾಟಿ ಎಷ್ಟು, ಹುಲಿ ಎಷ್ಟು ಯೋಚಿಸಲಿ. ಕೆಳಗಿನ ಮೆಟ್ಟಿಲು ಅಷ್ಟು ಅಗಲ ಇದ್ದರೇ ಮೇಲೆ ಒಂದು ಹುಲಿ.

ಉತ್ತರ: ಸಕಲೇಶಪುರದಿಂದ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮಳೆ ಹಿಡಿದಾಗ ಹುತ್ತದ ಸುತ್ತ ನುಚ್ಚಣಬೆ ಏಳುತ್ತಲ್ಲ, ಮಗಳಿಗೆ ಅದನ್ನೂ ತೋರಿಸಿ ಅಕ್ಕ. ಗೆದ್ದಲು ತರಗೆಲೆ, ಕಡ್ಡಿ ತಿಂದು ಹಾಕಿದ ಹಿಕ್ಕೆಯಿಂದ ಗೂಡಿನೊಳಗೆ ಜೇನುಹಟ್ಟಿ ಥರ ಕಟ್ಟಿ, ಅದರ ಮೇಲೆ ಅಣಬೆ ಬೆಳೆಸುತ್ತೆ. ಮರದ ಗಟ್ಟಿ ನಾರು ಒಡೆಯೋ ಕೆಲಸ ಅಣಬೆಯದು, ಆಮೇಲೆ ಗೆದ್ದಲು ಅದನ್ನೇ ತಿನ್ನುತ್ತೆ. ಅಣಬೆಗೆ ಹಸಿರಿಲ್ಲ, ಅದು ಸತ್ತದ್ದನ್ನು ಕೊಳೆಸಿ ಒಡೆಯೋ ವಿಘಟಕ. ನಮ್ಮ ತೋಟದಲ್ಲಿ ತರಗು ಗುಡಿಸಿ ಸುಡೋದನ್ನ ನಿಲ್ಲಿಸಿದ್ದು ಇದು ಅರ್ಥ ಆದ ಮೇಲೆ.

ಮತ್ತೆ ಬಂದಳಿಕೆ ಕೈಯಲ್ಲಿ ಕಿತ್ತರೆ ಹೋಗಲ್ಲ, ಒಳಗಿನ ಬೇರಿಂದ ತಿರುಗಾ ಚಿಗುರುತ್ತೆ. ಮರಗಸಿ (ಮರದ ಕೊಂಬೆ ಸವರೋದು) ಮಾಡಿಸೋವಾಗ ಬಂದಳಿಕೆ ಕೂಡಿರೋ ಗಂಟಿಗಿಂತ ಕೆಳಗೆ ಕೊಂಬೆಯನ್ನೇ ಕಡಿಸಿ.

ಮೂಡಿಗೆರೆ ತೋಟದಾಕೆ

ಇಬ್ಬರಿಗೂ ತುಂಬಾ ಧನ್ಯವಾದ. ಇವತ್ತು ಆಳಿನ ಕೈಲಿ ಒಂದು ಕೊಂಬೆ ಇಳಿಸಿದ್ವಿ. ಗಂಟನ್ನು ಕತ್ತಿಯಲ್ಲಿ ಸೀಳಿದರೆ ಮಾವಿನ ಮರ ಎಲ್ಲಿ ಮುಗಿದು ಬಂದಳಿಕೆ ಎಲ್ಲಿ ಶುರುವಾಯ್ತು ಹೇಳೋಕೇ ಆಗಲ್ಲ, ಹಾಗೆ ಬೆಸೆದುಕೊಂಡಿದೆ. ಪಕ್ಕದ ರೆಂಬೆ ಮೇಲೆ ಹಕ್ಕಿ ಮೆತ್ತಿ ಹೋದ ಅಂಟು ಬೀಜ ಒಂದು ಸಿಕ್ಕಿತು, ತುದಿಯಲ್ಲಿ ಹಸಿರು ಮೊಳಕೆ ಬಾಗಿ ತೊಗಟೆ ಮುಟ್ಟಿತ್ತು. ಇನ್ನೂ ಒಳಗೆ ಇಳಿದಿರಲಿಲ್ಲ. "ಬೇರೆಯವರ ನೀರು ಕುಡಿಯೋ ಮೊದಲೇ ಹಸಿರಾಗಿದೆ ನೋಡಮ್ಮ" ಅಂದಳು. ಆ ರೆಂಬೆಯನ್ನು ನಾಳೆ ಶಾಲೆಗೆ ತಗೊಂಡು ಹೋಗ್ತಾಳಂತೆ, ಟೀಚರಿಗೆ ತೋರಿಸೋಕೆ.