ಸಿನಿಮಾ ನೋಡಿ ಆಮೇಲೆ ಕತೆ ಓದಿದೆ, ಈಗ ಮುಂದೇನು?

ಕೊಡೆ_ಮರೆತವ

ಎಲ್ಲರಿಗೂ ನಮಸ್ಕಾರ. ಹೋದ ವಾರ ಮಳೆಯಲ್ಲಿ ನೆನೆದು ಜ್ವರ ಬಂದು ನಾಲ್ಕು ದಿನ ಮನೆಯಲ್ಲೇ ಬಿದ್ದುಕೊಂಡಿದ್ದೆ. ಆಗ 'ಡೇರ್‌ಡೆವಿಲ್ ಮುಸ್ತಾಫಾ' ನೋಡಿದೆ. 2023ರಲ್ಲಿ ಬಂದಾಗ ಈ ವಾರ ಹೋಗೋಣ, ಮುಂದಿನ ವಾರ ಹೋಗೋಣ ಅಂತ ಮಾಡಿ ಥಿಯೇಟರಿಗೆ ಹೋಗಲೇ ಇಲ್ಲ, ಈಗ ಹೊಟ್ಟೆ ಉರಿಯುತ್ತಿದೆ. ತೇಜಸ್ವಿ ಅಭಿಮಾನಿಗಳೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ ಅಂತ ಗೊತ್ತಿತ್ತು, ಹಾಗಾಗಿ ಭಕ್ತಿ ಜಾಸ್ತಿಯಾಗಿ ಕತೆ ಕಡಿಮೆಯಾಗಿರಬಹುದು ಅಂತ ಅನುಮಾನ. ಹಾಗೇನೂ ಆಗಿಲ್ಲ. ಒಬ್ಬನೂ ಮುಸ್ಲಿಂ ಇಲ್ಲದ ಕ್ಲಾಸಿಗೆ ಬಂದು ಸೇರುವ ಹುಡುಗ, ಅವನನ್ನು ಕಂಡರೆ ಆಗದ ರಾಮಾನುಜ ಅಯ್ಯಂಗಾರಿ, ಇಬ್ಬರ ನಡುವೆ ಸುಮ್ನೆ ಕಡ್ಡಿ ಆಡಿಸುವ ಉಳಿದವರು. ನಮ್ಮ ಪಿಯುಸಿ ಕಾಲೇಜೇ ಕಣ್ಮುಂದೆ ಬಂತು. ಕೊನೆಯ ಕ್ರಿಕೆಟ್ ಮ್ಯಾಚನ್ನು ಸ್ವಲ್ಪ ಎಳೆದಿದ್ದಾರೆ, ಆದರೆ ಅಷ್ಟು ಹೊತ್ತಿಗೆ ನಾನೂ ಮಂಚದ ಮೇಲೆ ಎದ್ದು ಕೂತಿದ್ದೆ.

ಮರುದಿನ ತಂಗಿಯ ಕಪಾಟಿನಿಂದ 'ಅಬಚೂರಿನ ಪೋಸ್ಟಾಫೀಸು' ತೆಗೆದು ಮೂಲ ಕತೆ ಓದಿದೆ. ಒಂದು ಲೋಟ ಗಂಜಿ ಆರುವಷ್ಟರಲ್ಲಿ ಮುಗಿದೇಹೋಯಿತು! ಇಷ್ಟು ಸಣ್ಣ ಕತೆಯಿಂದ ಅಷ್ಟು ದೊಡ್ಡ ಸಿನಿಮಾ ಹೇಗೆ ತೆಗೆದರೋ.

ನೀವು ಈಚೆಗೆ ಓದಿದ್ದು, ನೋಡಿದ್ದು ಯಾವುದು ಇಷ್ಟವಾಯಿತು ಹೇಳಿ. ಪುಸ್ತಕ, ಸಿನಿಮಾ, ಸೀರಿಯಲ್ ಯಾವುದಾದರೂ ಸರಿ. 'ನೋಡಲೇಬೇಕಾದ ಹತ್ತು' ಅಂತ ಪಟ್ಟಿ ಬೇಡ, ಒಂದೋ ಎರಡೋ ಹೇಳಿ ಸಾಕು, ಆದರೆ ಯಾಕೆ ಇಷ್ಟವಾಯಿತು ಅಂತಲೂ ಹೇಳಿ.

ನಿವೃತ್ತ_ಮೇಷ್ಟ್ರು

ಆ ಪುಸ್ತಕವನ್ನು ಕಪಾಟಿಗೆ ವಾಪಸ್ ಇಡಬೇಡಿ! ಅದೊಂದೇ ಸಂಕಲನದಿಂದ ನಾಲ್ಕು ಸಿನಿಮಾ ಬಂದಿವೆ, ಗೊತ್ತಾ? 1973ರಲ್ಲಿ ಎನ್. ಲಕ್ಷ್ಮೀನಾರಾಯಣ್ ಅವರು 'ಅಬಚೂರಿನ ಪೋಸ್ಟಾಫೀಸು' ಮಾಡಿದರು. ಆಮೇಲೆ ಗಿರೀಶ್ ಕಾಸರವಳ್ಳಿ 'ತಬರನ ಕತೆ' ಮಾಡಿದರು, ಸದಾನಂದ ಸುವರ್ಣ 'ಕುಬಿ ಮತ್ತು ಇಯಾಲ' ಮಾಡಿದರು. ನೀವು ನೋಡಿದ್ದು ನಾಲ್ಕನೆಯದು.

ನಾನು ಹೋದ ತಿಂಗಳು 'ತಬರನ ಕತೆ' ಮತ್ತೆ ನೋಡಿದೆ. ಅದಕ್ಕೆ 1986ರ ಸಾಲಿನ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿ ಬಂತು, ತಬರನಾಗಿದ್ದ ಚಾರುಹಾಸನ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿಯೂ ಬಂತು. ಆಗ ಹರೆಯದಲ್ಲಿ ನೋಡಿದ್ದಾಗ 'ಎಂಥ ನಟನೆ' ಅಂತ ಹೊಗಳಿ ಎದ್ದು ಬಂದಿದ್ದೆ. ಈಗ ನಾನೇ ನಿವೃತ್ತನಾಗಿ, ಒಂದು ಕಾಗದಕ್ಕೆ ಒಂದು ಸಹಿ ಹಾಕಿಸಿಕೊಳ್ಳಲು ಒಂದು ಕಚೇರಿಗೆ ಹನ್ನೊಂದು ಸಲ ಅಲೆದ ಮೇಲೆ ನೋಡಿದರೆ ನಟನೆ ಕಾಣಲೇ ಇಲ್ಲ, ಪಿಂಚಣಿ ಕೇಳಿಕೊಂಡು ಮೇಜಿನಿಂದ ಮೇಜಿಗೆ ಹೋಗುವ ಆ ಮನುಷ್ಯ ಮಾತ್ರ ಕಂಡ. ಮನೆಯಲ್ಲಿ ಹೆಂಡತಿಗೆ ಕಾಯಿಲೆ, ಇಲ್ಲಿ ಫೈಲು ಮುಂದೆ ಹೋಗುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ ಹೊರಗೆ ಹೋಗಿ ಎರಡು ಸುತ್ತು ನಡೆದು ಬಂದೆ. ಜ್ವರ ಪೂರ್ತಿ ಬಿಟ್ಟ ಮೇಲೆ ನೋಡಿ.

ಕುಡ್ಲದ_ಗಾಳಿ

ಮೇಷ್ಟ್ರೇ, ಜ್ವರದವರಿಗೆ ತಬರನನ್ನು ತೋರಿಸುವುದಾ? ಕೊಡೆ ಮರೆತವರೇ, ನೀವು ಮೊದಲು 'ಸು ಫ್ರಮ್ ಸೋ' ನೋಡಿ ಮಾರಾಯ್ರೆ. ಹೆಸರಿನ ಅರ್ಥ ಸುಲೋಚನಾ ಫ್ರಮ್ ಸೋಮೇಶ್ವರ, ಅಷ್ಟೇ. ಊರಿನ ಹುಡುಗನೊಬ್ಬನ ಮೇಲೆ ಅವಳ ಪ್ರೇತ ಬಂದಿದೆ ಅಂತ ಸುದ್ದಿ ಹಬ್ಬಿ ಊರಿಗೆ ಊರೇ ಅಲ್ಲಿ ಸೇರುವ ಕತೆ. ಅದು ಬಂದದ್ದು 2025ರ ಜುಲೈಯಲ್ಲಿ, ದೊಡ್ಡ ಹೀರೋ ಯಾರೂ ಇಲ್ಲ, ಆದರೂ ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲೇ ಹಬ್ಬಿ ಟಿಕೆಟ್ ಸಿಗದ ಹಾಗಾಯಿತು. ನಾವು ಮನೆಯವರು ಒಂಬತ್ತು ಜನ ಹೋಗಿದ್ದೆವು, ನಗುವಿನಲ್ಲಿ ಅರ್ಧ ಡೈಲಾಗ್ ಕೇಳಿಸಲಿಲ್ಲ, ಅದಕ್ಕೇ ಇನ್ನೊಮ್ಮೆ ಹೋಗಬೇಕಾಯಿತು. ನಗಿಸಿ ನಗಿಸಿ ಕೊನೆಗೆ ಮನಸ್ಸಿಗೆ ತಾಗುವ ಒಂದು ವಿಷಯವನ್ನು ಕೈಗಿಡುತ್ತಾರೆ, ಅದನ್ನು ಹೇಳುವುದಿಲ್ಲ.

ಅದು ನೋಡಿದ ಮೇಲೆ ನೆನಪಾದದ್ದು 'ಗುಡ್ಡದ ಭೂತ'. ದೂರದರ್ಶನದ ಸೀರಿಯಲ್, ಇದೇ ಸದಾನಂದ ಸುವರ್ಣ ಅವರದ್ದು, ಪ್ರಕಾಶ್ ರೈ ಆಗಿನ್ನೂ ಹೊಸಬ. ಆ 'ಡೆನ್ನಾನ ಡೆನ್ನಾನ' ಹಾಡು ಶುರುವಾದರೆ ನಾವು ಮಕ್ಕಳೆಲ್ಲ ಅಜ್ಜಿಯ ಸೆರಗಿನ ಒಳಗೆ. ಯೂಟ್ಯೂಬಿನಲ್ಲಿ ಉಂಟು. ಈಗ ನೋಡಿದರೆ ಹೆದರಿಕೆ ಆಗುವುದಿಲ್ಲ, ಆದರೆ ನಮ್ಮ ಊರಿನ ಮಾತು ಟಿವಿಯಲ್ಲಿ ಕೇಳಿದ ಖುಷಿ ಹಾಗೇ ಉಂಟು.

ಸೊಪ್ಪಿನ_ಸಾರು

ಪುಸ್ತಕ ಕೇಳಿದರೆ ತೇಜಸ್ವಿ, ಸೀರಿಯಲ್ ಕೇಳಿದರೆ ದೂರದರ್ಶನ! ನನಗೂ ಇಷ್ಟವೇ, ಆದರೆ ಬೇರೆ ಏನೂ ಓದಲ್ವಾ ನಾವು?

ನಾನು ಈಗಷ್ಟೇ ಮುಗಿಸಿದ್ದು ಬಾನು ಮುಷ್ತಾಕ್ ಕತೆಗಳು. ನಿಜ ಹೇಳಬೇಕೆಂದರೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆಯೇ ಕೈಗೆತ್ತಿಕೊಂಡಿದ್ದು, ಅದೂ ಮೊದಲು ಓದಿದ್ದು ಇಂಗ್ಲಿಷಿನ 'ಹಾರ್ಟ್ ಲ್ಯಾಂಪ್'. ಹಾಸನದ ಲೇಖಕಿಯನ್ನು ನಾನು ಇಂಗ್ಲಿಷಿನಲ್ಲಿ ಓದಿದ್ದು ನಾಚಿಕೆಯ ವಿಷಯವೇ, ಬೈಯಬೇಡಿ. ದೀಪಾ ಭಾಸ್ತಿ ಅನುವಾದದಲ್ಲಿ ನಮ್ಮ ಪದಗಳನ್ನು ಓರೆ ಅಕ್ಷರ, ಅಡಿಟಿಪ್ಪಣಿ ಏನೂ ಇಲ್ಲದೆ ಹಾಗೇ ಬಿಟ್ಟಿದ್ದಾರೆ, ಅದು ಬಹಳ ಹಿಡಿಸಿತು. ಆಮೇಲೆ ಕನ್ನಡದಲ್ಲಿ 'ಕರಿನಾಗರಗಳು' ಓದಿದೆ. ಗಂಡ ಕೈಬಿಟ್ಟ ಹೆಂಗಸು ನ್ಯಾಯ ಕೇಳಿಕೊಂಡು ಮಸೀದಿಗೆ ಹೋಗುವ ಕತೆ. ಓದಿ ಮುಗಿಸಿದಾಗ ದುಃಖಕ್ಕಿಂತ ಸಿಟ್ಟು ಜಾಸ್ತಿ ಬಂತು. ಅವತ್ತು ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿಯೇ ಇತ್ತು.

ಸಿನಿಮಾ ಆದ ಕತೆಯೇ ಬೇಕು ಅನ್ನುವವರಿಗೆ: ಕಾಸರವಳ್ಳಿ ಅವರ 'ಹಸೀನಾ' ಇದೇ ಕತೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದ ಸಿನಿಮಾ. ಇದಕ್ಕೆ ಮಾತ್ರ ಕತೆಯನ್ನೇ ಮೊದಲು ಓದಿ ಅನ್ನುತ್ತೇನೆ.

ರಾತ್ರಿ_ಪಾಳಿ

'ಏಕಮ್' ಯಾರೂ ಹೇಳಲಿಲ್ಲ? ಕರಾವಳಿಯ ಏಳು ಬಿಡಿ ಕತೆಗಳ ವೆಬ್ ಸೀರೀಸ್. ದೊಡ್ಡ ಓಟಿಟಿಗಳು ಯಾವುವೂ ತೆಗೆದುಕೊಳ್ಳದೆ 2024ರಲ್ಲಿ ಮಾಡಿದವರೇ ಸ್ವಂತ ವೆಬ್‌ಸೈಟ್ ಕಟ್ಟಿ ಬಿಟ್ಟರು. ಪ್ರಕಾಶ್ ರಾಜ್ ಒಂದರಲ್ಲಿ ಇದ್ದಾರೆ, ರಾಜ್ ಬಿ. ಶೆಟ್ಟಿ ಇನ್ನೊಂದರಲ್ಲಿ. ಏಳೂ ಒಂದೇ ಸಮ ಇಲ್ಲ, ಎರಡು ನನಗೆ ಅರ್ಥವೇ ಆಗಲಿಲ್ಲ. ಆದರೆ ಕೆಲಸ ಮುಗಿಸಿ ಬೆಳಗಿನ ಜಾವ ಒಂದೊಂದೇ ನೋಡಲು ಸರಿಯಾಗಿದೆ.

ಕೊಡೆ_ಮರೆತವ

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಹತ್ತಿರ 'ಗುಡ್ಡದ ಭೂತ' ಅಂದಿದ್ದೇ ತಡ, ಕೈಯಲ್ಲಿ ಸೌಟು ಹಿಡಿದುಕೊಂಡೇ 'ಡೆನ್ನಾನ' ಶುರು ಮಾಡಿದರು. ಹಾಗಾಗಿ ಇವತ್ತು ರಾತ್ರಿ ಅದೇ. ಸೊಪ್ಪಿನ ಸಾರು ಅವರೇ, 'ಕರಿನಾಗರಗಳು' ತಂಗಿಯ ಹತ್ತಿರ ಇಲ್ಲ, ಅಂಗಡಿಯಲ್ಲಿ ಹುಡುಕುತ್ತೇನೆ. ಮೇಷ್ಟ್ರೇ, ತಬರ ಭಾನುವಾರಕ್ಕೆ. 'ಕುಬಿ ಮತ್ತು ಇಯಾಲ' ಒಳ್ಳೆ ಪ್ರಿಂಟ್ ಎಲ್ಲಾದರೂ ಸಿಗುತ್ತದಾ?

ಕುಡ್ಲದ_ಗಾಳಿ

ಸಿಕ್ಕಿದರೆ ನನಗೂ ಹೇಳಿ, ನಾನೂ ಅದನ್ನೇ ಹುಡುಕುತ್ತಾ ಇದ್ದೇನೆ.